ನೀನು ಮುಟ್ಟದ ಹಲಗೆ

ಶಿವಮ್ಮಾ, ಆ ಮಾತಾಡುವ ಹಲಗೆಯನ್ನು ಕೆಡಿಸಿದವಳು ನಾನು. ನೀನು ಅದನ್ನು ಮುಟ್ಟಿಯೂ ಇರಲಿಲ್ಲ. ಗೊತ್ತಿದ್ದೂ ನಿನ್ನ ಹೆಸರು ಹೇಳಿದೆ.

ನಿನಗಾಗ ಐದು ವರ್ಷ. ಹುಣಸಗಿ ಕಡೆಯ ನಮ್ಮೂರಿಗೆ ಕಾಲುವೆ ನೀರು ಬಂದು ಭತ್ತದ ಕೆಲಸ ಹೆಚ್ಚಿತ್ತು. ನಿಮ್ಮವ್ವ ನಾಟಿಗೆ ಹೋಗುವಾಗ ನಿನ್ನನ್ನು ನನ್ನ ಅಂಗನವಾಡಿಯಲ್ಲಿ ಬಿಡುತ್ತಿದ್ದಳು. ಅಕ್ಷರ ಒತ್ತಿದರೆ ಅದನ್ನೇ ಉಚ್ಚರಿಸಿ ಹಾಡು ಹೇಳುವ ಆ ಹಲಗೆ ನಿಮಗಾಗಿಯೇ ಬಂದಿತ್ತು. ನಾನೋ — ಮಕ್ಕಳ ಕೈಗೆ ಕೊಟ್ಟರೆ ಕೆಟ್ಟೀತೆಂದು ಪ್ಲಾಸ್ಟಿಕ್ ಚೀಲದ ಸಮೇತ ಅಲಮಾರಿಗೆ ಹಾಕಿ ಬೀಗ ಜಡಿದೆ. ದಸರೆಗೆ ಹೊರತೆಗೆದು, ಕುಂಕುಮ ಹಚ್ಚಿ, ನಿಮ್ಮಿಂದ ಕೈ ಮುಗಿಸಿ ಮತ್ತೆ ಒಳಗಿಟ್ಟೆ. ಆಟಿಕೆಗೆ ಮಕ್ಕಳಿಂದ ಕೈ ಮುಗಿಸಿದವಳು — ಥೂ, ಎಂಥ ಶಿಕ್ಷಕಿ ನಾನು.

ಸೂಪರ್‌ವೈಸರ್ ಬರುವ ದಿನ ಬೆಳಿಗ್ಗೆ ಅದನ್ನು ಬಿಚ್ಚಿ ನೋಡಿದೆ. ಇಟ್ಟಲ್ಲೇ ಇದ್ದ ಸೆಲ್ಲುಗಳು ಸೋರಿ ಒಳಗೆಲ್ಲ ಹಸಿರು ಕಿಲುಬು ಹಿಡಿದಿತ್ತು. ಸೆರಗಿನಿಂದ ಒರೆಸಿ ಮುಚ್ಚಿಬಿಟ್ಟೆ.

"ಇದು ಯಾಕ ಮಾತಾಡವಲ್ದು?" ಎಂದು ಅವರು ಕೇಳಿದಾಗ, ಊಟದ ತಟ್ಟೆ ತೊಳೆದು ಬಂದ ನೀನು ಒದ್ದೆ ಕೈಯಲ್ಲಿ ಎದುರಿಗೇ ನಿಂತಿದ್ದೆ. ನಿಮ್ಮವ್ವ ಎದುರಾಡುವವಳಲ್ಲ ಎಂಬುದೂ ನನಗೆ ಗೊತ್ತಿತ್ತು.

"ಈ ಹುಡುಗಿ ನೀರಾಗ ಕೆಡವ್ಯಾಳ್ರಿ ಮೇಡಂ."

"ನಾ ಮುಟ್ಟಿಲ್ರಿ ಅಕ್ಕೋರ," ಎಂದೆ ನೀನು. ಒಂದೇ ಸಲ. ಸಂಜೆ ನಿಮ್ಮವ್ವ ಎಲ್ಲರ ಮುಂದೆ ನಿನ್ನ ಬೆನ್ನಿಗೆ ಬಾರಿಸಿ, "ತಪ್ಪಾತ್ರಿ ಅಕ್ಕೋರ, ನಾಳಿಯಿಂದ ಹೊಲಕ್ಕ ಕರ್ಕೊಂಡು ಹೋಗ್ತೀನಿ," ಎಂದಳು. ನಾನು ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ನೀನು ಮತ್ತೆ ಬರಲಿಲ್ಲ. ಮುಂದೆ ಶಾಲೆಗೂ ಹೋಗಲಿಲ್ಲ.

ಹೋದ ವಾರ ನೀನು ನಿನ್ನ ಮಗಳನ್ನು ಅಂಗನವಾಡಿಗೆ ಸೇರಿಸಲು ಬಂದೆ. ದಾಖಲೆ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದೆ. ಮಗು ಮೇಜಿನ ಮೇಲಿದ್ದ ಹಾಡುವ ಆಟಿಕೆಯತ್ತ ಕೈ ಚಾಚಿದ್ದೇ ತಡ, ನೀನು ಆ ಕೈಗೆ ಫಟ್ಟನೆ ಹೊಡೆದೆ. "ಮುಟ್ಟಬ್ಯಾಡ. ಅಕ್ಕೋರ ಸಾಮಾನು ಅದು." ಆಮೇಲೆ ನನ್ನತ್ತ ನೋಡಿ, ತಪ್ಪು ನಿನ್ನದೇ ಎಂಬಂತೆ ನಕ್ಕೆ. ನಾನೂ — ಹೇಳಲಿಕ್ಕೂ ಹೇಸಿಗೆಯಾಗುತ್ತದೆ — ನಾನೂ ನಕ್ಕೆ.

ಇದನ್ನು ನೀನು ಓದಲಾರೆ. ನಾಳೆ ತಾಯಂದಿರ ಸಭೆಯಿದೆ, ನಿಮ್ಮವ್ವನನ್ನೂ ಕರೆಸಿದ್ದೇನೆ. ಎಲ್ಲರ ಮುಂದೆ ಬಾಯಿಬಿಟ್ಟು ಹೇಳುತ್ತೇನೆ. ನೀನು ಕ್ಷಮಿಸಬೇಕು ಎಂದಲ್ಲ. ನೀನು ಮುಟ್ಟಿರಲಿಲ್ಲ ಎಂದು ನಿಮ್ಮವ್ವನಿಗೆ ಗೊತ್ತಾಗಬೇಕು.