ದ್ರಾಕ್ಷಿ ಬೇಯಿಸಿದ ನೀರು

ಆ ಮನೆಯ ದೊಡ್ಡ ಸೊಸೆ ದರ್ಜಿ. ಹಜಾರದ ಕಿಟಕಿಯ ಬಳಿ ಹೊಲಿಗೆ ಯಂತ್ರ ಹಾಕಿಕೊಂಡು ಹತ್ತೊಂಬತ್ತು ವರ್ಷಗಳಿಂದ ಊರಿನ ಅರ್ಧ ಮಕ್ಕಳಿಗೆ ಸಮವಸ್ತ್ರ ಹೊಲಿದವಳು. ಓಣಿಯವರು ಬೆನ್ನ ಹಿಂದೆ ಅವಳನ್ನು ‘ಕತ್ತರಿ’ ಎನ್ನುತ್ತಿದ್ದರು. ಅದು ಬಟ್ಟೆ ಕತ್ತರಿಸುವುದಕ್ಕಲ್ಲ, ಮಾತಿಗೆ. ಅವಳಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಅವಳ ಹೆಮ್ಮೆಯೆಲ್ಲ ಇದ್ದದ್ದು ಅತ್ತೆಯ ಹುಟ್ಟುಹಬ್ಬದ ದ್ರಾಕ್ಷಿ ಕೇಕಿನಲ್ಲಿ. ಅತ್ತೆಯ ಕೈ ನಡುಗತೊಡಗಿದ ಮೇಲೆ ಅದನ್ನು ಮಾಡುವ ಹಕ್ಕು ಇವಳದಾಗಿತ್ತು.

ಅದು ಹಳೇ ಕಾಲದ ಕೇಕು. ಒಣದ್ರಾಕ್ಷಿ ಉಬ್ಬುವ ತನಕ ಬೇಯಿಸಿ, ಆ ಕಂದು ನೀರು ಆರಿದ ಮೇಲೆ ಅದನ್ನೇ ಹಿಟ್ಟಿಗೆ ಸುರಿಯಬೇಕು. ದಾಲ್ಚಿನ್ನಿ, ಲವಂಗ, ಚೂರು ಜಾಯಿಕಾಯಿ. ಮೇಲೆ ಬೆಣ್ಣೆ ಸಕ್ಕರೆ ತಿರುವಿದ ಬಿಳಿ ಲೇಪ. ಕೇಕು ಮೆತ್ತಗಾಗುವ ಗುಟ್ಟೆಲ್ಲ ಆ ನೀರಿನಲ್ಲಿತ್ತು.

ಆಮೇಲೆ ಚಿಕ್ಕ ಸೊಸೆ ಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ, ಸದಾ ನಗುಮುಖ. ಅತ್ತೆಯ ಮಾತ್ರೆ ಜೋಡಿಸಿಡುವವಳು ಅವಳು, ಉಗುರು ಕತ್ತರಿಸುವವಳೂ ಅವಳೇ. ಅತ್ತೆ ಬಾಯಿ ತೆರೆದರೆ ‘ಚಿಕ್ಕವಳು, ಚಿಕ್ಕವಳು’. ಕೇಳಿದಾಗಲೆಲ್ಲ ದೊಡ್ಡವಳ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಎಂಬತ್ತನೇ ಹುಟ್ಟುಹಬ್ಬ ಬಂದಾಗ ಅತ್ತೆ, “ಈ ಸಲ ಕೇಕು ಚಿಕ್ಕವಳು ಮಾಡ್ಲಿ. ನೀನು ಹೇಳ್ಕೊಡು,” ಎಂದುಬಿಟ್ಟರು.

ಉಳಿದದ್ದೆಲ್ಲ ಹಾಳಾಗಲಿ, ಇದೂ ಕೈತಪ್ಪಿತಲ್ಲ!

ಹೇಳಿಕೊಟ್ಟಳು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಹೇಳಿಕೊಟ್ಟಳು. ದ್ರಾಕ್ಷಿ ಬೆಂದಾಗ ಚಿಕ್ಕವಳು ಪಾತ್ರೆ ಹಿಡಿದು ಕೇಳಿದಳು, “ಅಕ್ಕಾ, ಈ ನೀರು?”

“ಚೆಲ್ಲಿಬಿಡು. ಬರೀ ಧೂಳು ಅದು. ನಲ್ಲಿ ನೀರು ಅರ್ಧ ಲೋಟ ಹಾಕು, ಸಾಕು.”

ಚಿಕ್ಕವಳು ಪಾತ್ರೆಯನ್ನು ಒಮ್ಮೆ ಮೂಸಿದಳು. ಏನೋ ಕೇಳಹೊರಟವಳು ಕೇಳದೆ ಚೆಲ್ಲಿದಳು.

ಭಾನುವಾರ ಮಧ್ಯಾಹ್ನ ಕೇಕು ಮೇಜಿಗೆ ಬಂತು. ನೋಡಲು ಲೇಪವೇನೋ ಚೆಂದವಾಗಿತ್ತು, ಚಾಕು ಇಟ್ಟರೆ ಒಳಗೆಲ್ಲ ಪುಡಿಪುಡಿ. ಅತ್ತೆ ಒಂದು ತುತ್ತು ಅಗಿದು ನಿಲ್ಲಿಸಿದರು.

“ದ್ರಾಕ್ಷಿ ನೀರು ಚೆಲ್ಲಿದೀಯ. ಯಾರು ಹೇಳಿದ್ದು?”

ದೊಡ್ಡವಳು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

“ಯಾರೂ ಇಲ್ಲ ಅತ್ತೆ. ಅಕ್ಕ ಸರಿಯಾಗೇ ಹೇಳಿದ್ರು, ನಾನೇ ಮರೆತು ಚೆಲ್ಬಿಟ್ಟೆ,” ಎಂದಳು ಚಿಕ್ಕವಳು. ದೊಡ್ಡವಳತ್ತ ತಿರುಗಿಯೂ ನೋಡಲಿಲ್ಲ.

“ಹೋಗ್ಲಿ ಬಿಡು, ನನ್ನ ಬಂಗಾರ,” ಎಂದು ಅತ್ತೆ ಅವಳ ಕೆನ್ನೆ ಸವರಿದರು.

ಬದುಕಿದೆಯಾ ಬಡಜೀವವೇ ಎಂದು ದೊಡ್ಡವಳು ಸುಮ್ಮನಾಗಬೇಕಿತ್ತು. ಆದರೆ ಅದು ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪವಾಯಿತು. ಕೇಕು ಚಿಕ್ಕವಳ ಪಾಲಾಯಿತು, ಅತ್ತೆ ಅವಳ ಪಾಲಾದರು, ಈಗ ಒಳ್ಳೆಯತನವೂ ಅವಳದೇ! ಇನ್ನು ಜೀವನವಿಡೀ ಅವಳ ಉಪಕಾರದಡಿ ಬಾಳಬೇಕೇ? ಅದೊಂದನ್ನು ಮಾತ್ರ ಸಹಿಸಲಾರಳು.

“ಸುಳ್ಳು,” ಎಂದಳು ದೊಡ್ಡವಳು. ದನಿ ತಾನೆಣಿಸಿದ್ದಕ್ಕಿಂತ ಜೋರಾಯಿತು. “ಚೆಲ್ಲು ಅಂದಿದ್ದು ನಾನೇ. ಹೊಟ್ಟೆಕಿಚ್ಚಿಗೆ ಹೇಳ್ದೆ.”

ಅತ್ತೆ ತಲೆಯೆತ್ತಿ ಅವಳನ್ನು ನೋಡಿದರು. ಅವರ ಕೈ ಮಾತ್ರ ಇನ್ನೂ ಚಿಕ್ಕವಳ ಕೆನ್ನೆಯ ಮೇಲೇ ಇತ್ತು.