ಚಂದ್ರ ಶನಿಯ ಮನೆಯಲ್ಲಿದ್ದ ದಿನ

ಹೋದ ವಾರ ಶಿಕಾರಿಪುರದಿಂದ ಆನವಟ್ಟಿಗೆ ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಮುದುಕರು ಸೊಂಟದಿಂದ ನಶ್ಯದ ಡಬ್ಬಿ ತೆಗೆದರು. ಮುಚ್ಚಳ ತೆರೆದದ್ದೇ ತಡ, ಆ ಘಾಟು ಮೂಗಿಗೆ ಬಡಿಯಿತು. ನಶ್ಯ ಏರಿಸುವವರು ಈಗ ಎಲ್ಲಿ ಸಿಗುತ್ತಾರೆ... ನಾನಂತೂ ನಮ್ಮೂರ ಜೋಯಿಸರು ತೀರಿಕೊಂಡ ಮೇಲೆ ಆ ವಾಸನೆಯನ್ನೇ ಕಂಡಿರಲಿಲ್ಲ. ಶಿರಾಳಕೊಪ್ಪ ಬರುವ ತನಕ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೂತಿದ್ದೆ.

ಜೋಯಿಸರ ಮನೆಯ ಜಗಲಿಯ ಒಂದು ಬದಿಯಲ್ಲಿ ನನ್ನ ಹೊಲಿಗೆ ಮಿಷನ್ನು, ಇನ್ನೊಂದು ಬದಿಯಲ್ಲಿ ಅವರ ಚಾಪೆ, ಮಣೆ, ಪಂಚಾಂಗ. ನಡುವೆ ಒಂದು ಹಳೆಯ ಸೀರೆಯ ಪರದೆ. ಅಳತೆ ಕೊಡಲು ಬಂದ ಹೆಂಗಸರು ಒಂದು ಕಡೆ, ಜಾತಕ ತೋರಿಸಲು ಬಂದವರು ಇನ್ನೊಂದು ಕಡೆ. ಪರದೆ ಕಣ್ಣಿಗಷ್ಟೇ ಅಡ್ಡ, ಕಿವಿಗಲ್ಲ. ಹಾಗಾಗಿ ಸುತ್ತಮುತ್ತಲ ಊರಿನ ಅರ್ಧ ಮದುವೆಗಳ ಕಥೆ ನನಗೆ ಗೊತ್ತಿತ್ತು.

ಅವರಿಗೆ ಹೆಂಡತಿ ಮಕ್ಕಳಿರಲಿಲ್ಲ. ಯಾಕೆ ಮದುವೆಯಾಗಲಿಲ್ಲ ಎಂದು ಕೇಳುವ ಸಲಿಗೆ ಇದ್ದರೂ ನಾನು ಕೇಳಿರಲಿಲ್ಲ. ಸಾಧು ಮನುಷ್ಯ. ಬಂದವರಿಗೆ ಸಾವಿನ ಮಾತು ಹೇಳುತ್ತಿರಲಿಲ್ಲ, ಹೆದರಿಸುತ್ತಿರಲಿಲ್ಲ. ಹೆಣ್ಣಿಗೆ ಕುಜ ದೋಷ ಇದೆ ಎಂದು ಅಳುತ್ತ ಬಂದ ತಾಯಂದಿರಿಗೆ, ಹುಡುಕಿದರೆ ಅರ್ಧ ಊರಿಗೆ ಇದೆ, ಸುಮ್ಮನೆ ಮದುವೆ ಮಾಡಿ ಎಂದು ಕಳಿಸುತ್ತಿದ್ದರು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಪರದೆ ಸರಿಸಿ ನನ್ನ ಜತೆ ಮಾತಿಗೆ ಕೂರುವರು. ಒಮ್ಮೆ ಗ್ರಹಗಳ ಯುತಿ ಅಂದರೆ ಏನು ಎಂದು ಕೇಳಿದ್ದಕ್ಕೆ, ಎರಡು ಗ್ರಹ ಒಂದೇ ರಾಶಿಯಲ್ಲಿ ಇರುವುದು, ಅಷ್ಟೆ ಎಂದಿದ್ದರು. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಇಬ್ಬರು ಕೂತ ಹಾಗೆ. ನಮ್ಮ ಕಣ್ಣಿಗೆ ಜತೆಗಿದ್ದ ಹಾಗೆ ಕಾಣುತ್ತವೆ, ನಿಜದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಎಣಿಸಲಾರದಷ್ಟು ದೂರ. ಜತೆಗೆ ಕೂತವರು ಜಗಳವಾಡುತ್ತಾರೋ, ಬುತ್ತಿ ಹಂಚಿಕೊಳ್ಳುತ್ತಾರೋ ಎಂದು ನೋಡಿ ಹೇಳುವುದೇ ನಮ್ಮ ಶಾಸ್ತ್ರ ಎಂದು ನಕ್ಕಿದ್ದರು.

ಗುಡವಿ ಕಡೆಯ ಒಂದು ರೈತರ ಮನೆಯ ಹಿರಿಯಾಕೆ ಅವರಲ್ಲಿಗೆ ಬರುತ್ತಿದ್ದರು. ಗದ್ದೆಯ ಕೆಲಸ ಶುರುಮಾಡುವುದಕ್ಕೂ, ಬೋರ್ ಹೊಡೆಸುವುದಕ್ಕೂ ಅವರಿಗೆ ಜೋಯಿಸರ ಮಾತೇ ಆಗಬೇಕು. ಬರುವಾಗ ಸೊಸೆಯನ್ನೂ ಕರೆತರುತ್ತಿದ್ದರು. ಶಿಕಾರಿಪುರದ ಹುಡುಗಿ, ಬಾಯಿ ತುಂಬ ಮಾತು. ಅತ್ತೆ ಆ ಬದಿಗೆ ಹೋದರೆ ಇವಳು ನನ್ನ ಬದಿಗೆ ಬಂದು ಮೊಣಕಾಲಿನ ಮೇಲೆ ಬಟ್ಟೆ ಹರವಿಕೊಂಡು ಕೂರುವಳು. ಸೀಮಂತದ ರವಿಕೆ ನಾನೇ ಹೊಲಿದದ್ದು. ಹಾಕಿ ನೋಡಲು ಹೋದರೆ ತೋಳು ಏರಲಿಲ್ಲ. ಹದಿನೈದು ದಿನದ ಹಿಂದೆ ತೆಗೆದ ಅಳತೆ ಅದು. ಮೈಯೆಲ್ಲ ಊದಿಕೊಂಡಿದೆ ಕಣಕ್ಕಾ, ಡಾಕ್ಟರಮ್ಮ ಉಪ್ಪು ಬಿಡು ಅಂದಿದಾರೆ ಎಂದು ನಗುತ್ತಲೇ ಹೇಳಿದಳು. ಹೊಲಿಗೆ ಬಿಚ್ಚಿ ತೋಳು ಅಗಲ ಮಾಡಿಕೊಟ್ಟೆ. ಆಮೇಲೆ ಬಾಣಂತನಕ್ಕೆ ಎಂದು ತವರಿಗೆ ಹೋದಳು.

ಶಿವರಾತ್ರಿ ಅಮಾವಾಸ್ಯೆ ಕಳೆದ ಮರುದಿನ. ಮಧ್ಯಾಹ್ನ ಆ ಹಿರಿಯಾಕೆ ಯಾರದೋ ಬೈಕಿನ ಹಿಂದೆ ಕೂತು ಬಂದರು. ಸೊಸೆಗೆ ಬಿ.ಪಿ. ಏರಿದೆಯಂತೆ, ಶಿಕಾರಿಪುರದ ಆಸ್ಪತ್ರೆಯಲ್ಲಿ ಇವತ್ತೇ ಆಪರೇಷನ್ ಮಾಡಿ ಮಗು ತೆಗೆಯಬೇಕು ಎನ್ನುತ್ತಿದ್ದಾರಂತೆ. ಮಗ ಅಲ್ಲೇ ಇದ್ದಾನೆ, ಹೂಂ ಅನ್ನಲು ಇವರ ಫೋನಿಗೆ ಕಾಯುತ್ತಿದ್ದಾನೆ. ಅಮಾವಾಸ್ಯೆ ಹೇಗೂ ಕಳೆಯಿತಲ್ಲ, ಇವತ್ತು ಆಗಬಹುದಾ ನೋಡಿ ಎಂದು ಕೇಳಿದರು.

ನಾನು ಮಿಷನ್ನು ನಿಲ್ಲಿಸಿದೆ. ಪರದೆಯ ಆಚೆ ಪಂಚಾಂಗದ ಹಾಳೆ ತಿರುವಿದ ಸದ್ದು.

"ಚಂದ್ರ ಇವತ್ತೂ ಕುಂಭದಲ್ಲೇ ಇದಾನೆ. ಶನಿ ಮನೆ ಅದು, ಶನಿನೂ ಅಲ್ಲೇ ಕೂತಿದಾನೆ. ವಿಷ ಯೋಗ ಅಂತಾರೆ ಇದಕ್ಕೆ" ಅಂದರು ಜೋಯಿಸರು. "ನಾಳೆ ಬೆಳಗಾಗೋ ಹೊತ್ತಿಗೆ ಮೀನಕ್ಕೆ ದಾಟಿರ್ತಾನೆ. ಅಲ್ಲಿ ಗುರು ಇದಾನೆ. ಗುರು ಚಂದ್ರ ಸೇರಿದ್ರೆ ಗಜಕೇಸರಿ, ಒಳ್ಳೇ ಯೋಗ. ಡಾಕ್ಟ್ರು ಒಪ್ಪಿದ್ರೆ ನಾಳೆ ಮಾಡಿಸ್ರಿ. ಒಪ್ಪಿದ್ರೆ ಮಾತ್ರ."

ಆ ಕೊನೆಯ ಮಾತನ್ನು ನಾನು ಸ್ಪಷ್ಟವಾಗಿ ಕೇಳಿದೆ. ಹಿರಿಯಾಕೆ ಅಷ್ಟರಲ್ಲಿ ಎದ್ದು ಅಂಗಳಕ್ಕೆ ಇಳಿದು ಮಗನಿಗೆ ಫೋನು ಹಚ್ಚಿದ್ದರು. ಅಂಗಳದಿಂದ ಅವರ ದನಿ ಬರುತ್ತಿತ್ತು. ಇವತ್ತು ಬ್ಯಾಡ, ವಿಷ ಐತಂತೆ, ತಾಯಿಗೆ ಆಗಾಕಿಲ್ಲಂತೆ, ನಾಳೆ ಮಾಡ್ಸು ಎನ್ನುತ್ತಿದ್ದರು. ತಾಯಿಗೆ ಆಗುವುದಿಲ್ಲ ಎಂದು ಜೋಯಿಸರು ಹೇಳಿಯೇ ಇರಲಿಲ್ಲ.

ಮುಂದಿನದನ್ನು ನನಗೆ ಎಷ್ಟೋ ದಿನದ ಮೇಲೆ ಆ ಹುಡುಗಿಯ ಗಂಡನೇ ಹೇಳಿದ. ಡಾಕ್ಟರಮ್ಮ ಎರಡು ಸಲ ಬಂದು ಬೈದರಂತೆ. ಹುಡುಗಿಯ ತಾಯಿ, ದೇವರ ಮೇಲೆ ಭಾರ ಹಾಕಿ ಇವತ್ತೇ ಮಾಡಿಸಿಬಿಡೋಣ ಎಂದು ಅಳಿಯನ ಕೈ ಹಿಡಿದರಂತೆ. ಇವನು ಅತ್ತ ಅವ್ವನ ಮಾತು, ಇತ್ತ ಅತ್ತೆಯ ಮಾತು ಎಂದು ವರಾಂಡದಲ್ಲಿ ಓಡಾಡಿದನಂತೆ. ಕೊನೆಗೆ ಹೆಂಡತಿಯನ್ನೇ ಕೇಳಿದ. ಅವಳು, ನಿಮ್ಮವ್ವ ಹೇಳಿದ ಹಾಗೇ ಆಗಲಿ ಬಿಡಿ, ಆಮೇಲೆ ಮಗುವಿಗೆ ಏನಾದರೂ ಆದರೆ ಜೀವನಪೂರ್ತಿ ನಾನು ಕೇಳಬೇಕಾಗುತ್ತದೆ ಎಂದಳಂತೆ. ನಸುಕಿನಲ್ಲಿ ಅವಳಿಗೆ ಫಿಟ್ಸ್ ಬಂತು. ಅವಸರದಲ್ಲಿ ಆಪರೇಷನ್ ಆಯಿತು. ಹೆಣ್ಣು ಮಗು, ಅತ್ತಿತು. ತಾಯಿಗೆ ಎಚ್ಚರವಾಗಲಿಲ್ಲ. ಶಿವಮೊಗ್ಗಕ್ಕೆ ಸಾಗಿಸಿದರು. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರಂತೆ ಅಲ್ಲಿ. ಮಾರನೆಯ ದಿನ ಹೆಣವಾಗಿ ವಾಪಸು ಬಂದಳು.

ಸುದ್ದಿ ಬಂದಾಗ ಜೋಯಿಸರು ಊಟಕ್ಕೆ ಕೂತಿದ್ದರು. ಬಂದು ಹೇಳಿದವನು ಹೋದ ಮೇಲೂ ಕಲಸಿದ ಅನ್ನದಲ್ಲಿ ಕೈ ಇಟ್ಟುಕೊಂಡೇ ಇದ್ದರು. ನಾನು ನೀರು ತಂದು ಕೈ ತೊಳೆಸಿದೆ. ನೀವು ಡಾಕ್ಟರು ಒಪ್ಪಿದರೆ ಎಂದಿದ್ದಿರಿ, ನಾನೇ ಕೇಳಿದ್ದೇನೆ, ನಿಮ್ಮದೇನೂ ತಪ್ಪಿಲ್ಲ ಎಂದೆ.

"ವಿಷ ಅಂತ ಮೊದ್ಲು ಹೇಳಿದ್ಮೇಲೆ, ಆಮೇಲೆ ಹೇಳಿದ್ದು ಯಾರ ಕಿವಿಗೆ ಬೀಳ್ತದೆ ಮಾರಾಯ್ತಿ?" ಅಂದರು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋಗಲೇಬೇಕು ಎಂದು ಹಟ ಹಿಡಿದರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ. ಅಂಗಳದಲ್ಲಿ ಶಾಮಿಯಾನ, ನೆಂಟರು, ಊರವರು. ಜೋಯಿಸರನ್ನು ಕಂಡದ್ದೇ ಹಿರಿಯಾಕೆ ಎದ್ದು ಬಂದು ಕಾಲು ಮುಟ್ಟಿದರು. ಸುತ್ತ ಇದ್ದವರಿಗೆಲ್ಲ, ಇವರೇ ನೋಡಿ, ತಾಯಿಗೆ ಕಂಟಕ ಐತೆ ಅಂತ ಮೊದಲೇ ಹೇಳಿದ್ದರು, ನಮ್ಮ ಹಣೆಬರಹ, ಮಗುವಾದರೂ ಒಳ್ಳೆ ಗಳಿಗೆಯಲ್ಲಿ ಹುಟ್ಟಿತು ಎಂದು ಹೇಳಿ ಅತ್ತರು. ಜನ ಜೋಯಿಸರಿಗೆ ದಾರಿ ಬಿಟ್ಟರು, ಯಾರೋ ಕುರ್ಚಿ ತಂದು ಹಾಕಿದರು.

ಅವರು ಕೂರಲಿಲ್ಲ. ನಾನು ಹಾಗೆ ಹೇಳಿಲ್ಲ, ನನ್ನ ಮಾತು ಕೇಳಿ ತಡ ಮಾಡಿದಿರಿ, ಅದಕ್ಕೇ ಹುಡುಗಿ ಹೋದಳು, ಡಾಕ್ಟರು ಹೇಳಿದ್ದೇ ಸರಿ ಇತ್ತು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಆಮೇಲೆ ಒಬ್ಬ ಹಿರಿಯರು ಅವರ ಹೆಗಲ ಮೇಲೆ ಕೈ ಇಟ್ಟು, ದೊಡ್ಡವರು ನೀವು, ಮನಸ್ಸಿಗೆ ಹಚ್ಚಿಕೋಬೇಡಿ, ಬರೆದದ್ದನ್ನು ಯಾರೂ ತಪ್ಪಿಸೋಕಾಗಲ್ಲ ಎಂದರು. ಹೌದು ಹೌದು ಎಂದರು ಎಲ್ಲರೂ. ಮತ್ತೆ ಊಟಕ್ಕೆ ಎಲೆ ಹಾಕಿದರು.

ಶಾಮಿಯಾನದ ಕಂಬಕ್ಕೆ ಒರಗಿ ನಿಂತಿದ್ದ ಗಂಡ ಮಾತ್ರ ಜೋಯಿಸರನ್ನೇ ನೋಡುತ್ತಿದ್ದ.

ಅವನು ಯುಗಾದಿ ಕಳೆದ ಮೇಲೆ ಒಂದು ಸಂಜೆ ಬಂದ. ಜಗಲಿಯ ಅಂಚಿನಲ್ಲಿ ಕೂತು ನನಗೆ ಆಸ್ಪತ್ರೆಯ ಕಥೆಯನ್ನೆಲ್ಲ ಹೇಳಿದ್ದು ಅವತ್ತೇ. ಜೋಯಿಸರು ಪರದೆಯ ಆಚೆ ಇದ್ದರು, ಎಲ್ಲ ಕೇಳಿಸಿಕೊಂಡರು. ಕೊನೆಗೆ ಅವನೇ ಪರದೆ ಸರಿಸಿದ.

"ಅವತ್ತು ನೀವು ಸುಮ್ನೆ ಇವತ್ತೇ ಮಾಡ್ಸಿ ಅಂದಿದ್ರೆ?" ಎಂದು ಕೇಳಿದ.

"ಬದುಕ್ತಿದ್ಲಪ್ಪ."

ನಾನು ಅವನು ಕೈ ಎತ್ತುತ್ತಾನೆ ಎಂದೇ ಹೆದರಿದ್ದೆ. ಅವನು ಎತ್ತಲಿಲ್ಲ. ಅಲ್ಲೇ ಕುಸಿದು ಕೂತು ತಲೆಯನ್ನು ಮೊಣಕಾಲ ನಡುವೆ ಹುದುಗಿಸಿಕೊಂಡ. ಎಲ್ಲರೂ ಹಣೆಬರಹ ಅಂತಾರೆ, ನೀವೊಬ್ಬರೇ ನಿಜ ಹೇಳಿದ್ದು ಎಂದ. ಅವನು ಹೋಗುವಾಗ ಜೋಯಿಸರೂ ರಸ್ತೆಯ ತನಕ ಹೋದರು.

ಅವತ್ತು ದೀಪ ಹಚ್ಚಿ ಬಂದು ಕೂತು ಜೋಯಿಸರು ತಮ್ಮ ಜಾತಕದ ಮಾತು ತೆಗೆದರು. ಅವರು ಹುಟ್ಟಿದಾಗಲೂ ಚಂದ್ರ ಶನಿ ಒಂದೇ ಮನೆಯಲ್ಲಿದ್ದರಂತೆ. ಹೆತ್ತ ತಾಯಿ ಬಾಣಂತನದಲ್ಲೇ ತೀರಿಕೊಂಡರಂತೆ. ಸೋದರತ್ತೆ ಸಾಕಿದರು, ಅನ್ನ ಹಾಕುವಾಗಲೆಲ್ಲ ತಾಯಿಯನ್ನು ತಿಂದವನು ಎಂದೇ ಹಾಕಿದರು. ಹೆಣ್ಣು ಕೊಡುವವರೂ ಅದೇ ಮಾತು ಹಿಡಿದು ಹಿಂದೆ ಸರಿದರು. ವಿಷ ಯೋಗಕ್ಕೆ ನಿಜವಾಗಿ ಏನು ಅರ್ಥ ಎಂದು ತಿಳಿಯಲೆಂದೇ ಈ ಶಾಸ್ತ್ರಕ್ಕೆ ಬಿದ್ದೆ ಎಂದರು.

"ಏನೂ ಇಲ್ಲ ಕಣೇ ಅದ್ರಲ್ಲಿ. ಚಂದ್ರ ಅಂದ್ರೆ ಮನಸ್ಸು, ಶನಿ ಅಂದ್ರೆ ಭಾರ. ಮಗು ಸ್ವಲ್ಪ ಮಂಕಾಗಿರ್ತದೆ, ಹೆಚ್ಚು ಯೋಚನೆ ಮಾಡ್ತದೆ, ಅಷ್ಟೇ ಅರ್ಥ. ಆದ್ರೆ ಜನ ಬಿಡ್ತಾರಾ? ನಾನು ಕೇಳಿದ್ದನ್ನ ಆ ಮಗು ಕೇಳೋದು ಬೇಡ ಅನ್ನಿಸ್ತು. ಒಂದೇ ದಿನ ತಾನೆ ಅನ್ನಿಸ್ತು..."

ಪಂಚಾಂಗ ಮಡಚಿ ಒಳಗೆ ಒಯ್ದರು.

ಅವತ್ತಿನಿಂದ ಅವರು ಯಾರ ಜಾತಕವನ್ನೂ ನೋಡಲಿಲ್ಲ. ಆದರೆ ಜನ ಬರುವುದು ಹೆಚ್ಚಾಯಿತು. ಮೊದಲು ಸುತ್ತಲಿನ ಹಳ್ಳಿಯವರು ಬರುತ್ತಿದ್ದರು, ಈಗ ಶಿಕಾರಿಪುರದಿಂದ, ಸೊರಬದಿಂದ, ಹಾನಗಲ್ಲಿನಿಂದ ಕಾರು ಮಾಡಿಕೊಂಡು ಬರತೊಡಗಿದರು. ಇಂಥ ದಿನ ಸಾವು ಐತೆ ಅಂದ್ರೆ ಐತೆ, ಅಂಥ ನಾಲಿಗೆ ಅವರದು ಎಂದು ಮಾತಾಗಿತ್ತು. ನನಗೆ ಏನೂ ಬರಲ್ಲ, ಎದ್ದು ಹೋಗಿ ಎಂದರೂ ಹೋಗುತ್ತಿರಲಿಲ್ಲ. ಆ ಹುಡುಗಿ ನನ್ನ ಮಾತಿನಿಂದ ಸತ್ತಳು ಎಂದರೆ, ನೋಡಿ ಎಷ್ಟು ವಿನಯ ಎನ್ನುತ್ತಿದ್ದರು. ಬಸುರಿಯರನ್ನು ಕರೆತಂದವರಿಗೆ ಮಾತ್ರ, ಡಾಕ್ಟರು ಹೇಳಿದ ಗಳಿಗೆಯೇ ಮುಹೂರ್ತ ಎಂದು ಕೈ ಮುಗಿದು ಹೇಳಿ ಕಳಿಸುತ್ತಿದ್ದರು. ಒಂದು ದಿನ ಒಬ್ಬಾತ ಅದಕ್ಕೂ ಹೆದರಿದ. ಜೋಯಿಸರು ಕೈ ಮುಗಿದರೆಂದರೆ ಏನೋ ಕೆಟ್ಟದ್ದು ಕಂಡಿರಬೇಕು ಎಂದು ಹೆಂಡತಿಯೆದುರೇ ಅಳತೊಡಗಿದ. ಅವತ್ತು ಜೋಯಿಸರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಜಗಲಿಗೆ ಬರುವುದನ್ನೇ ಬಿಟ್ಟರು.

ಊಟ ಕಡಿಮೆಯಾಯಿತು, ಕಾಲು ಸೋತವು. ಸೊರಬದಲ್ಲಿದ್ದ ಅವರ ಅಕ್ಕನ ಮಗಳು ಬಂದು ಕರೆದುಕೊಂಡು ಹೋದಳು. ಒಂದು ಸಲ ನೋಡಲು ಹೋಗಿದ್ದೆ. ಗೋಡೆ ಬದಿಯ ಮಂಚದ ಮೇಲೆ ಮಲಗಿದ್ದರು, ನನ್ನ ದನಿಗೆ ಕಣ್ಣು ಬಿಟ್ಟರು. ಊರಿನ ಸುದ್ದಿ ಯಾವುದನ್ನೂ ಕೇಳಲಿಲ್ಲ.

"ಆ ಮಗು ಮಾತಾಡ್ತದಾ?"

ಮಾತಾಡುತ್ತದಂತೆ, ಚೂಟಿಯಾಗಿದೆಯಂತೆ ಎಂದೆ.

"ಅಮ್ಮ ಅಂತ ಯಾರಿಗೆ ಅಂತದೆ?"

ಅಜ್ಜಿಗೆ ಎಂದು ಕೇಳಿದ್ದೆ, ಅದನ್ನೇ ಹೇಳಿದೆ. ಅವರು ಗೋಡೆಯ ಕಡೆ ಹೊರಳಿಕೊಂಡರು. ನಾನು ಹೊರಡುವ ತನಕ ಈ ಕಡೆ ತಿರುಗಲಿಲ್ಲ. ಆ ಮಳೆಗಾಲದಲ್ಲೇ ಹೋದರು. ಸುದ್ದಿ ತಿಳಿದು ನಾನು ಸೊರಬ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸ್ಮಶಾನದಿಂದ ವಾಪಸು ಬರುತ್ತಿದ್ದವರ ನಡುವೆ ಆ ಹುಡುಗಿಯ ಗಂಡನೂ ಇದ್ದ, ತಲೆ ಬಗ್ಗಿಸಿಕೊಂಡು ನಡೆಯುತ್ತಿದ್ದ.

ಮನೆಯನ್ನು ಈಗ ಬೇರೆಯವರು ಕೊಂಡಿದ್ದಾರೆ. ನನ್ನ ಮಿಷನ್ನು ಪೇಟೆ ಬೀದಿಯ ಒಂದು ಮಳಿಗೆಗೆ ಬಂದಿದೆ. ಮೊನ್ನೆ ಒಬ್ಬಾಕೆ ತುಂಬಿದ ಬಸುರಿಯಾದ ಮಗಳನ್ನು ಕರೆದುಕೊಂಡು ಬಂದಿದ್ದರು. ನಾನು ಅಳತೆ ತೆಗೆಯುತ್ತಿದ್ದರೆ ಅವರು ಮಾತಿಗೆ ಕೂತರು. ಹೆರಿಗೆಗೆ ದಿನ ನೋಡಿಸಬೇಕು, ಈ ಊರಿನಲ್ಲೇ ಮೊದಲು ಒಬ್ಬ ಜೋಯಿಸರಿದ್ದರಂತೆ, ವಿಷ ಯೋಗ ಐತೆ, ತಾಯಿ ಉಳಿಯಲ್ಲ ಅಂದಿದ್ದರಂತೆ, ಹಾಗೇ ಆಯಿತಂತೆ, ಅಂಥವರು ಈಗ ಎಲ್ಲಿ ಎಂದರು.

ಟೇಪು ಕೆಳಗಿಟ್ಟೆ. ಅವರ ಜಗಲಿಯಲ್ಲೇ ನಾನು ಅಂಗಡಿ ಇಟ್ಟಿದ್ದೆ, ಅವರು ಹಾಗೆ ಹೇಳಲಿಲ್ಲ ಎಂದೆ. ಮೊದಲಿಂದ ಕೊನೆಯ ತನಕ ನಡೆದದ್ದನ್ನು ಬಿಡದೆ ಹೇಳಿದೆ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ತಾಯಿ ಎಲ್ಲ ಕೇಳಿಸಿಕೊಂಡರು, ಪಾಪ ಎಂದರು, ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಇರಬೋದು ಬಿಡ್ರೀ" ಅಂದರು ಆಮೇಲೆ. "ಆದ್ರೂ ವಿಷ ಅಂದಿದ್ದು ನಿಜಾನೇ ಆತಲ್ಲ."

ಅಲ್ಲ ಎಂದು ಹೇಳಲು ಜೋಯಿಸರು ಇಲ್ಲ. ನಾನು ಹೇಳಿದೆ, ಮತ್ತೂ ಒಂದು ಸಲ ಹೇಳಿದೆ. ತಾಯಿ ಬಟ್ಟೆ ಯಾವತ್ತು ಸಿಗುತ್ತದೆ ಎಂದು ಕೇಳಿಕೊಂಡು, ಮಗಳ ಕೈ ಹಿಡಿದು ಮೆಟ್ಟಿಲು ಇಳಿಸಿದರು.