ಬಿಟ್ಟ ಕೈಯ ತಪ್ಪು

ವಿಮಾನದ ಚಲನೆ ಮತ್ತು ನಿಯಂತ್ರಣವನ್ನು ಮೂವತ್ತೊಂದು ವರ್ಷ ಪಾಠ ಮಾಡಿ ನಿವೃತ್ತನಾದ ಮರುವರ್ಷ. ರಾಣೆಬೆನ್ನೂರಿನ ನಮ್ಮ ಮನೆಗೆ ಮೋಟೆಬೆನ್ನೂರಿನ ಮಹಿಳಾ ಸಂಘದ ಅಧ್ಯಕ್ಷೆ ಕಮಲಕ್ಕ ಬಂದರು. ಸಂಘಕ್ಕೆ ಔಷಧ ಸಿಂಪಡಿಸುವ ಡ್ರೋನ್ ಸಿಕ್ಕಿತ್ತು. ಅದನ್ನು ಹಾರಿಸುವ ಗಿರಿಜವ್ವ ತರಬೇತಿ ಮುಗಿಸಿ ಪರವಾನಗಿ ಪಡೆದವರು. ಆದರೂ ಆ ತಿಂಗಳಲ್ಲಿ ಅದು ಎರಡು ಸಲ ಮೆಣಸಿನಗಿಡಗಳ ಮೇಲೆ ಬಿದ್ದಿತ್ತು.

"ತಪ್ಪು ಯಂತ್ರದ್ದೋ ಗಿರಿಜವ್ವಂದೋ ಬರದ್ ಕೊಡ್ರಿ ಸರ. ಆಕೀದಾದ್ರ ರಿಮೋಟ್ ಬ್ಯಾರೇದವ್ರ ಕೈಯಾಗ ಕೊಡಬೇಕಾಗತೈತಿ" ಎಂದರು ಕಮಲಕ್ಕ. ಹಾಗೆ ಹೇಳಲು ಅವರಿಗೂ ಮನಸ್ಸಿರಲಿಲ್ಲ.

ಮರುದಿನ ಬೆಳಿಗ್ಗೆ ಹೊಲಕ್ಕೆ ಹೋದೆ. ಟ್ರ್ಯಾಕ್ಟರಿನ ಟ್ರೇಲರ್ ಮೇಲಿಂದ ಡ್ರೋನ್ ಎದ್ದಿತು. ಒಂದೆಡೆ ನಿಲ್ಲುವ ಬದಲು ಸುತ್ತತೊಡಗಿತು. ಸುತ್ತು ದೊಡ್ಡದಾಗುತ್ತ ಹೋಯಿತು. ಗಿರಿಜವ್ವ ಹೇಗೋ ಇಳಿಸಿದರು. ನನಗೆ ಅನುಮಾನವೇ ಉಳಿಯಲಿಲ್ಲ. ಇದಕ್ಕೆ ನಮ್ಮಲ್ಲಿ 'ಪೈಲಟ್ ಇನ್‌ಡ್ಯೂಸ್ಡ್ ಆಸಿಲೇಷನ್' ಎನ್ನುತ್ತಾರೆ. ಯಂತ್ರ ಸ್ವಲ್ಪ ವಾಲುತ್ತದೆ, ಹಾರಿಸುವವರು ಗಾಬರಿಯಾಗಿ ಎದುರು ದಿಕ್ಕಿಗೆ ಎಳೆಯುತ್ತಾರೆ, ಆ ಎಳೆತವೇ ಓಲಾಟವನ್ನು ಹೆಚ್ಚಿಸುತ್ತದೆ. ಬೋರ್ಡಿನ ಮೇಲೆ ವರ್ಷಾನುಗಟ್ಟಲೆ ಬರೆದ ಪಾಠ ಕಣ್ಣೆದುರೇ ಹಾರಿದ್ದಕ್ಕೆ ನನಗೆ ಖುಷಿಯೇ ಆಯಿತು. ಬದುವಿನ ಮೇಲೆ ಕೂತು 'ಚಾಲಕಿಯ ದೋಷ' ಎಂದು ಬರೆದು ಸಹಿ ಹಾಕಿ ಕಮಲಕ್ಕನ ಕೈಗಿತ್ತೆ.

ಅವರು ಓದಿದ್ದನ್ನು ಕೇಳಿ ಗಿರಿಜವ್ವನ ಮುಖ ಸಣ್ಣದಾಯಿತು. ಆದರೆ ಅಳಲಿಲ್ಲ.

"ಸರ, ಒಂದ್ ಮಾತ್ ಕೇಳ್ತೇನ್ರಿ. ನಾ ರಿಮೋಟಿನ ಸ್ಟಿಕ್ ಬಿಟ್ಟು ನಿಂತಾಗೂ ಅದು ತಿರಗತೈತಿ. ಬಿಟ್ಟ ಕೈ ಹೆಂಗ್ರಿ ತಪ್ಪು ಮಾಡತೈತಿ?"

ಅಷ್ಟು ಹೊತ್ತೂ ನಾನು ಆಕಾಶ ನೋಡಿದ್ದೆ. ಅವರ ಬೆರಳುಗಳ ಕಡೆ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ.

"ತಂಗಿ, ಮೊದಲಿಂದ ಎಲ್ಲಾ ಮಾಡಿ ತೋರಸು" ಎಂದೆ.

ಅವರು ಕೀಲಿಕೈ, ಸೀರೆಯ ಪಿನ್ನು ಎಲ್ಲವನ್ನೂ ತೆಗೆದಿಟ್ಟು, ಜೊತೆಗೆ ಬಂದಿದ್ದ ನಾದಿನಿಯೊಂದಿಗೆ ಟ್ರೇಲರ್ ಹತ್ತಿದರು. ಡ್ರೋನಿಗೆ ಕುಂಕುಮ ಹಚ್ಚಿ ಕೈ ಮುಗಿದರು. ಆಮೇಲೆ ಇಬ್ಬರೂ ಅದನ್ನು ಎತ್ತಿ ಹಿಡಿದು ನಿಧಾನವಾಗಿ ಸುತ್ತ ತಿರುಗಿಸಿದರು. ಇದು ಕಂಪಾಸ್ ಕ್ಯಾಲಿಬ್ರೇಷನ್, ಅಂದರೆ ಉತ್ತರ ಯಾವ ಕಡೆ ಎಂದು ಡ್ರೋನಿನ ದಿಕ್ಸೂಚಿಗೆ ತಿಳಿಸಿಕೊಡುವ ಕೆಲಸ.

"ನೆಲದ ಮ್ಯಾಲ ನಿಂತು ಯಾಕ ಮಾಡಂಗಿಲ್ಲ?" ಎಂದು ಕೇಳಿದೆ.

"ಪೂಜಿ ಮಾಡಿದ ಯಂತ್ರ ಐತ್ರಿ. ಚಪ್ಪಲಿ ತುಳಿಯೋ ನೆಲದಾಗ ಹೆಂಗ ಇಡೂದು? ಕಬ್ಬಿಣ ಹತ್ರ ಇರಬಾರದು ಅಂದಿದ್ರು, ಅದಕ್ಕ ಪಿನ್ನೂ ತಗದಿಟ್ಟೇನ್ರಿ."

ಪಿನ್ನು ತೆಗೆದಿಟ್ಟಿದ್ದರು. ಕಾಲಡಿಯ ಟ್ರೇಲರ್ ಪೂರ್ತಿ ಕಬ್ಬಿಣ ಎಂಬುದು ಅವರಿಗೆ ಹೊಳೆದಿರಲಿಲ್ಲ. ಆ ಮಾತು ಕೇಳುವವರೆಗೆ ಪ್ರೊಫೆಸರನಾದ ನನಗೂ ಹೊಳೆದಿರಲಿಲ್ಲ. ಕಬ್ಬಿಣದ ಪಕ್ಕ ಕಲಿತ ದಿಕ್ಸೂಚಿ ಮೇಲೇರಿದ ಮೇಲೆ ಸುಳ್ಳು ಉತ್ತರ ತೋರಿಸುತ್ತದೆ. ಡ್ರೋನ್ ಇದ್ದಲ್ಲೇ ನಿಲ್ಲಲು ಹವಣಿಸಿ ತಪ್ಪು ಕಡೆಗೆ ಸರಿಯುತ್ತದೆ, ಅದನ್ನು ತಿದ್ದಲು ಹೋಗಿ ಮತ್ತೆ ತಪ್ಪುತ್ತದೆ. ಹಾಗಾಗಿ ಆ ಸುತ್ತು.

ವಿಷಯ ತಿಳಿಸಿದೆ. ಗಿರಿಜವ್ವ ಮನೆಯಿಂದ ಕರಿ ಕಂಬಳಿ ತರಿಸಿ, ಟ್ರೇಲರಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ ಗದ್ದುಗೆಯಂತೆ ಹಾಸಿದರು. ಯಂತ್ರದ ಮರ್ಯಾದೆಯೂ ಉಳಿಯಿತು, ಕಬ್ಬಿಣವೂ ದೂರವಾಯಿತು. ಅಲ್ಲೇ ಡ್ರೋನನ್ನು ತಿರುಗಿಸಿ, ಅಲ್ಲಿಂದಲೇ ಹಾರಿಸಿದರು. ಮೇಲೇರಿದ ಮೇಲೆ ಎರಡೂ ಕೈಯನ್ನು ಸ್ಟಿಕ್ಕಿನಿಂದ ತೆಗೆದು ನನ್ನತ್ತ ನೋಡಿದರು. ಡ್ರೋನ್ ಕದಲದೆ ನಿಂತಿತ್ತು.

ಹರಿದು ಹಾಕೋಣವೆಂದು ನನ್ನ ಕಾಗದವನ್ನು ಕೇಳಿದೆ. ಕಮಲಕ್ಕ ಕೊಡಲು ಹೋದಾಗ ಗಿರಿಜವ್ವ ತಡೆದರು. "ಹರೀಬ್ಯಾಡ್ರಿ ಸರ. ತಪ್ಪು ನಂದಂತ ಎಲ್ಲಾರೂ ಕೇಳ್ಯಾರ. ತಪ್ಪು ಯಾರದಂತ ಅದರ ಮ್ಯಾಲೇ ಬರೀರಿ."

'ದೋಷ ಟ್ರೇಲರಿನ ಕಬ್ಬಿಣದ್ದು, ಚಾಲಕಿಯದೆಂದು ಬರೆದ ತಪ್ಪು ನನ್ನದು' ಎಂದು ಬರೆದೆ. ಸಂಘದ ಹೆಂಗಸರೆದುರು ಓದಿಯೂ ಹೇಳಿದೆ. ನಾಚಿಕೆಯಾಯಿತು, ಆದರೆ ಮನಸ್ಸು ಹಗುರಾಯಿತು. ರಿಮೋಟ್ ಗಿರಿಜವ್ವನ ಕೈಯಲ್ಲೇ ಉಳಿಯಿತು.

ಕೈಯನ್ನು ದೂರುವ ಮೊದಲು ಆ ಕೈಯವರನ್ನು ಕೇಳಬೇಕು. ನನ್ನ ವೃತ್ತಿ ಇದನ್ನು ಕಲಿಸಿದ್ದು ನಿವೃತ್ತಿಯಾದ ಮೇಲೆ. ಸೇವೆಯಲ್ಲಿದ್ದಾಗ ಮೂರು ವಿಮಾನ ಅಪಘಾತಗಳ ತನಿಖೆಯಲ್ಲಿ ತಜ್ಞನಾಗಿ ನಾನು 'ಪೈಲಟ್ ದೋಷ' ಎಂದು ಬರೆದು ಸಹಿ ಹಾಕಿದ್ದೇನೆ. ಬದುಕುಳಿದಿದ್ದ ಆ ಮೂವರು ಪೈಲಟ್‌ಗಳಲ್ಲಿ ಒಬ್ಬರನ್ನೂ ನಾನು ಮಾತಾಡಿಸಿರಲಿಲ್ಲ.